ಉಂಡ ಮೇಲಿನ ಗುಳಿಗೆ

ಬೈಯುವುದರಲ್ಲಿ ನನ್ನದು ಎತ್ತಿದ ಕೈ. ಹೊಸಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಒಂದು ಸಣ್ಣ ಟ್ರಸ್ಟಿನ ದವಾಖಾನೆಯಲ್ಲಿ ಇಪ್ಪತ್ತಾರು ವರ್ಷ ಕಂಪೌಂಡರ್ ಆಗಿದ್ದೆ. ಡಾಕ್ಟರು ಚೀಟಿ ಬರೆದು ಕಳಿಸಿದವರಿಗೆ ಕಿಟಕಿಯಲ್ಲಿ ಗುಳಿಗೆ ಎಣಿಸಿ ಕೊಡುವುದು, ಹೇಗೆ ನುಂಗಬೇಕೆಂದು ಹೇಳುವುದು, ನುಂಗದೆ ಬಂದವರನ್ನು ಬೈಯುವುದು, ಇಷ್ಟು ನನ್ನ ಕೆಲಸ. ಮೊದಲೆರಡಕ್ಕೆ ಸಂಬಳವಿತ್ತು, ಮೂರನೆಯದನ್ನು ಪುಕ್ಕಟೆ ಮಾಡುತ್ತಿದ್ದೆ. ಹಾಲಸ್ವಾಮಿ ಎಂದು ಹೆಸರಿಟ್ಟವರು ನಿನ್ನ ನಾಲಿಗೆಯ ರುಚಿ ನೋಡಿರಲಿಲ್ಲ ಕಣಯ್ಯಾ ಎಂದು ಡಾಕ್ಟರು ಚೇಷ್ಟೆ ಮಾಡುತ್ತಿದ್ದರು. ನಾನು ಕೇಳಬೇಕಲ್ಲ! ಬೈದು ಹೇಳಿದವರು ಬದುಕಲಿಕ್ಕೆ ಹೇಳಿದರು, ನಕ್ಕು ಹೇಳಿದವರು ಕೆಡಲಿಕ್ಕೆ ಹೇಳಿದರು ಎಂಬ ಗಾದೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತವನು ನಾನು.

ಆ ಹಿಡಿತವನ್ನು ಸಡಿಲಿಸಿದವಳು ಬುಕ್ಕಸಾಗರದ ಹುಸೇನಮ್ಮ. ಆಕೆಯ ಬಗ್ಗೆ ಬರೆಯಲು ಇಷ್ಟು ವರ್ಷ ತಡೆದದ್ದಕ್ಕೆ ಕಾರಣವಿದೆ. ಆಕೆಯ ಕಥೆ ಬರೆದರೆ ನನ್ನ ತಪ್ಪನ್ನೂ ಬರೆಯಬೇಕಾಗುತ್ತದೆ.

ಆಕೆ ಮೊದಲ ಸಲ ಬಂದದ್ದು 1997ರ ಆಷಾಢದಲ್ಲಿ. ಮೂವತ್ತು ದಾಟಿರಲಿಕ್ಕಿಲ್ಲ, ನೋಡಿದರೆ ಐವತ್ತು. ಸೀರೆಯೇ ಆಕೆಯನ್ನು ಉಟ್ಟುಕೊಂಡಿದೆಯೇನೋ ಅನ್ನುವಷ್ಟು ಸಣಕಲು. ಚೀಟಿಯಲ್ಲಿ ಹೆಸರು ಓದಿದೆ, ಕೊರಳಲ್ಲಿ ಹುಲಿಗೆಮ್ಮನ ಪದಕ ಕಂಡಿತು, ಎರಡಕ್ಕೂ ತಾಳೆಯಾಗಲಿಲ್ಲ.

"ಇದೇನವಾ ಹಿಂಗ ಹೆಸರು?" ಎಂದೆ.

"ನಮ್ಮವ್ವಗ ಹುಟ್ಟಿದ ಕೂಸು ಒಂದೂ ಉಳೀತಿರ್ಲಿಲ್ರಿ. ಮೊಹರಂ ಪೀರ್ಲ ಹಬ್ಬದಾಗ ದೇವ್ರಿಗೆ ಬೇಡ್ಕಂಡ್ಲು. ನಾ ಉಳದೆ."

ಉಳಿದವಳಿಗೆ ಎರಡು ರೋಗ ಅಂಟಿಕೊಂಡಿದ್ದವು. ಗಂಡ ಎರ್ರಿಯಪ್ಪ ಯಶವಂತನಗರದ ಗಣಿಯಿಂದ ಅದಿರು ತುಂಬಿಕೊಂಡು ದೂರದ ಬಂದರಿಗೆ ಲಾರಿ ಓಡಿಸುತ್ತಿದ್ದವನು. ಹಿಂದಿನ ವರ್ಷ ಸೊರಗಿ ಸೊರಗಿ ತೀರಿಕೊಂಡಿದ್ದ. ಅವನಿಂದ ಬಂದದ್ದು ಎಚ್‌ಐವಿ. ಅದಕ್ಕೆ ಆ ಕಾಲದಲ್ಲಿ ನಮ್ಮಂಥ ದವಾಖಾನೆಯಲ್ಲಿ ಔಷಧಿಯೇ ಇರಲಿಲ್ಲ. ಎಲ್ಲೋ ಇದೆಯಂತೆ, ಸಾಹುಕಾರರಿಗೂ ಎಟುಕುವುದಿಲ್ಲವಂತೆ ಎಂದು ನಾವೇ ಮಾತಾಡಿಕೊಳ್ಳುತ್ತಿದ್ದೆವು. ಎರಡನೆಯದು ಕ್ಷಯ. ಅದಕ್ಕೆ ಔಷಧಿ ಇತ್ತು. ಟಿ.ಬಿ. ಎಂದು ಡಾಕ್ಟರು ಹೇಳಿದಾಗ, "ನಾ ಡ್ಯಾಮಿನ ಕಡಿ ಹೋಗೇ ಇಲ್ರೀ" ಎಂದಳಂತೆ. ನಮ್ಮ ಕಡೆ ಟಿ.ಬಿ. ಎಂದರೆ ತುಂಗಭದ್ರಾ ಅಣೆಕಟ್ಟು ತಾನೆ. ಡಾಕ್ಟರು ಅದನ್ನು ಹೇಳಿ ನಕ್ಕರು, ನಾನೂ ನಕ್ಕೆ.

ವಿಷಯ ಇಷ್ಟೇ ಇತ್ತು. ಎಂಟು ತಿಂಗಳು ದಿನ ತಪ್ಪದೆ ಗುಳಿಗೆ ನುಂಗಿದರೆ ಕ್ಷಯ ಹೋಗುತ್ತದೆ. ನಡುವೆ ಬಿಟ್ಟರೆ ತಿರುಗಿ ಬರುತ್ತದೆ, ಬಂದದ್ದು ಅದೇ ಗುಳಿಗೆಗೆ ಬಗ್ಗುವುದಿಲ್ಲ. ಮೈಯಲ್ಲಿ ಆ ಇನ್ನೊಂದು ರೋಗ ಇಟ್ಟುಕೊಂಡವಳಿಗೆ ಕ್ಷಯ ತಿರುಗಿ ಬಂತೆಂದರೆ ಮುಗಿಯಿತು. ಆಕೆಯ ಜೀವ ಈ ಎಂಟು ತಿಂಗಳ ಗುಳಿಗೆಗೆ ಜೋತುಬಿದ್ದಿತ್ತು.

ಹದಿನಾಲ್ಕು ದಿನದ ಗುಳಿಗೆ ಎಣಿಸಿ ಪೊಟ್ಟಣ ಕಟ್ಟಿ ಕೊಟ್ಟೆ. ಎಲ್ಲರಿಗೂ ಹೇಳುವ ಮಾತನ್ನೇ ಆಕೆಗೂ ಹೇಳಿದೆ. "ಉಂಡ ಮ್ಯಾಲೆ ನುಂಗಬೇಕು. ಖಾಲಿ ಹೊಟ್ಟೀಲೆ ನುಂಗಬ್ಯಾಡ, ವಾಂತಿ ಆಕ್ಕೈತಿ. ವಾರ ಬಿಟ್ಟು ವಾರ ಸೋಮವಾರ ಬರಬೇಕು, ಪೊಟ್ಟಣ ತರಬೇಕು, ನಾ ನೋಡ್ತೀನಿ. ತಿಳೀತಾ?"

"ತಿಳೀತ್ರಿ ಸ್ವಾಮೇರ."

ಇಪ್ಪತ್ತಾರು ವರ್ಷದಲ್ಲಿ ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದೇನೋ. ಅಲ್ಲಿಯವರೆಗೆ ಉಣ್ಣುತ್ತೀಯಾ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಯಾಕೆ ಕೇಳಬೇಕು? ಡ್ಯಾಮು ಕಟ್ಟಿ ನಲವತ್ತು ವರ್ಷವಾಗಿತ್ತು. ಕಂಪ್ಲಿಯಿಂದ ಬುಕ್ಕಸಾಗರದವರೆಗೆ ಬಸ್ಸಿನಲ್ಲಿ ಕೂತರೆ ಎರಡೂ ಕಡೆ ಹಸಿರೋ ಹಸಿರು, ಭತ್ತ, ಬಾಳೆ, ಕಬ್ಬು. ವರ್ಷಕ್ಕೆ ಎರಡು ಬೆಳೆ. ಹೊಳೆದಂಡೆಯ ಊರಿನವರನ್ನು ಉಂಡೆಯಾ ಎಂದು ಕೇಳಿದರೆ ನಕ್ಕಾರು ಎಂದುಕೊಂಡಿದ್ದೆ.

ಆಕೆಯ ಬದುಕು ನನಗೆ ತಿಳಿದದ್ದು ಚೂರುಚೂರಾಗಿ. ಹುಟ್ಟಿದ್ದು ಗಾದಿಗನೂರಿನಲ್ಲಿ. ಹರಕೆ ಹೊತ್ತ ತಾಯಿ ಯಾವಾಗಲೋ ಹೋಗಿದ್ದಳು. ಹುಸೇನಮ್ಮನಿಗೆ ಹುಟ್ಟಿದ್ದ ಒಂದು ಕೂಸು ಎರಡು ವರ್ಷ ತುಂಬುವುದರೊಳಗೆ ತೀರಿತ್ತು. ಗಂಡ ಸತ್ತ ಮೇಲೆ ಮೈದುನ ಜಡೆಪ್ಪ ಹಿತ್ತಲಲ್ಲಿ ಮೇವು ಒಟ್ಟುತ್ತಿದ್ದ ತಗಡಿನ ಕೋಣೆಯನ್ನು ತೆರವು ಮಾಡಿ ಕೊಟ್ಟಿದ್ದ. ಒಲೆ ಬೇರೆ, ಕೊಡ ಬೇರೆ, ನಡೆಯುವ ದಾರಿಯೂ ಬೇರೆ. ರೇಷನ್ ಕಾರ್ಡು ಮಾತ್ರ ಒಂದೇ, ಅದು ಜಡೆಪ್ಪನ ಮನೆಯ ಮೊಳೆಗೆ ನೇತಾಡುತ್ತಿತ್ತು. ಕಾರ್ಡಿನಲ್ಲಿ ಆಕೆಯ ಹೆಸರಿತ್ತು, ಆಕೆಯ ಪಾಲಿನ ಅಕ್ಕಿಯೂ ಬರುತ್ತಿತ್ತು. ಆದರೆ ಹಿತ್ತಲ ತನಕ ಬರುತ್ತಿರಲಿಲ್ಲ.

"ಕೇಳಲಿಲ್ಲೇನ್ ನೀನು?" ಎಂದು ಒಮ್ಮೆ ಗದರಿದ್ದೆ.

"ಇರಾಕ ಜಾಗ ಕೊಟ್ಟಾರಲ್ರಿ. ಎರಡೂ ಕೇಳಿದ್ರ ಎರಡೂ ಹೋಕ್ಕಾವು" ಎಂದಿದ್ದಳು. ಆಕೆ ದಡ್ಡಿಯಲ್ಲ.

ದುಡಿಮೆ ಎಂದರೆ ನಾಟಿ. ನಮ್ಮ ಕಾಲುವೆ ಸೀಮೆಯಲ್ಲಿ ಭತ್ತದ ಸಸಿ ಹಚ್ಚುವುದು ಹೆಣ್ಣಾಳುಗಳ ಗುಂಪು ಗುತ್ತಿಗೆ. ಹನ್ನೆರಡು ಮಂದಿ ಒಂದು ಗುಂಪು, ಎಕರೆಗೆ ಇಷ್ಟೆಂದು ಮಾತು, ಗದ್ದೆ ಮುಗಿದ ಮೇಲೆ ಬಂದದ್ದನ್ನು ಸಮ ಹಂಚಿಕೊಳ್ಳುತ್ತಾರೆ. ಒಂದು ದಿನ ತಪ್ಪಿದವಳ ಪಾಲು ಆ ದಿನಕ್ಕೆ ಹೋಯಿತು. ಸೋಮವಾರ ಬಸವಣ್ಣನ ವಾರವೆಂದು ಎತ್ತಿಗೆ ರಜೆ ಕೊಡುವ ಜನ ನಾವು, ಹೆಣ್ಣಾಳಿಗೆ ಮಾತ್ರ ರಜೆ ಗೊತ್ತಿಲ್ಲ. ಹುಸೇನಮ್ಮ ಇದ್ದ ಗುಂಪಿನ ಹಿರಿಯಳು ದುರ್ಗಕ್ಕ ಎಂಬಾಕೆ. ಕೆಮ್ಮುವವಳನ್ನು ಸಾಲಿನ ತುದಿಯಲ್ಲಿ ನಿಲ್ಲಿಸಿ, ಆಕೆ ಬಿಟ್ಟ ಜಾಗಕ್ಕೂ ತಾನೇ ಕೈ ಚಾಚಿ ಸಸಿ ಊರಿ, ಪಾಲಿನಲ್ಲಿ ಕಡಿಮೆ ಮಾಡದೆ ಕೊಡುತ್ತಿದ್ದಳಂತೆ. ಒಳ್ಳೆಯ ಹೆಂಗಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಆಕೆಯ ಮೇಲೆ ಯಾರಿಗೂ ಸಿಟ್ಟು ಬರಬಾರದು.

ಈ ಗುಂಪುಗಳಲ್ಲಿ ಒಂದು ರೂಢಿ ಇದೆ. ಮಧ್ಯಾಹ್ನ ಬದುವಿನ ಮೇಲೆ ದುಂಡಗೆ ಕೂತು ಎಲ್ಲರ ಬುತ್ತಿಯನ್ನೂ ಬಿಚ್ಚಿ ನಡುವೆ ಇಡುತ್ತಾರೆ. ಒಬ್ಬಳ ಪುಂಡಿಪಲ್ಯ, ಇನ್ನೊಬ್ಬಳ ಶೇಂಗಾ ಚಟ್ನಿ, ಮತ್ತೊಬ್ಬಳ ರೊಟ್ಟಿ. ಯಾರ ಬುತ್ತಿಗೆ ಯಾರ ಕೈ ಬೇಕಾದರೂ ಹೋದೀತು. ತಂದವಳು ತಿನ್ನಬಹುದು, ತಿಂದವಳು ನಾಳೆ ತರಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಮೀರುವುದೂ ಇಲ್ಲ.

ಮೊದಲ ಹದಿನಾಲ್ಕು ದಿನ ಕಳೆದು ಬಂದಾಗ ಹುಸೇನಮ್ಮನ ಪೊಟ್ಟಣ ಖಾಲಿ. ಭೇಷ್ ಎಂದೆ. ಮುಂದಿನ ಸಲ ಮೂರು ದಿನದ ಗುಳಿಗೆ ಉಳಿದಿದ್ದವು. ಮರೆತಿರಬೇಕೆಂದು ಸಣ್ಣಗೆ ಗದರಿದೆ. ಅದರ ಮುಂದಿನ ಸಲ ಆರು ದಿನದವು. ಆವತ್ತು ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡುವಂತೆ ಬೈದೆ.

"ಪುಕ್ಕಟೆ ಸಿಕ್ತಾವಂತ ಸಸಾರೇನು? ಜೀವ ನಿಂದಾ ನಂದಾ? ತಪ್ಪಿಸಿದಷ್ಟು ದಿನ ಕೊನೀಗೆ ಸೇರ್ಕಂತಾವ ನೋಡು, ಎಂಟು ತಿಂಗಳು ಹತ್ತಾಕ್ಕೈತಿ, ಹನ್ನೆರಡಾಕ್ಕೈತಿ!"

"ತಪ್ಪಾತ್ರಿ ಸ್ವಾಮೇರ" ಎಂದು ತಲೆ ತಗ್ಗಿಸಿ ನಿಂತಳು. ನನ್ನ ಬೈಗಳಿಗೆ ಎದುರಾಡುವವರೆಂದರೆ ನನಗೆ ಇಷ್ಟ, ಸುಮ್ಮನೆ ನಿಲ್ಲುವವರ ಮುಂದೆ ಬೈಗಳು ಬೇಗ ಮುಗಿದುಬಿಡುತ್ತವೆ. ನಾಲ್ಕನೆಯ ಸಲ ಒಂಬತ್ತು ದಿನದವು ಉಳಿದವು. ಕೆಮ್ಮು ಮತ್ತೆ ಏರಿತ್ತು. ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನೀ ಒಂದು ಸಲ ಊರಿಗೆ ಹೋಗಿ ನೋಡಿಕೊಂಡು ಬಾರಯ್ಯ. ಬೈಯಬೇಡ, ನೋಡು" ಎಂದರು.

ಹೋದೆ. ಆದರೆ ಆ ಎರಡನೆಯ ಮಾತನ್ನು ಬಸ್ಸಿನಲ್ಲೇ ಬಿಟ್ಟು ಇಳಿದಿರಬೇಕು.

ಊರಲ್ಲಿ ಕೇಳಿದಾಗ ಗದ್ದೆಯ ದಾರಿ ತೋರಿಸಿದರು. ಹೆಗಲಲ್ಲಿ ದವಾಖಾನೆಯ ಹೆಸರು ಬರೆದ ಚೀಲ. ಮಧ್ಯಾಹ್ನದ ಹೊತ್ತು, ಅರ್ಧ ನಾಟಿಯಾದ ಗದ್ದೆ, ಜಾಲಿಮರದ ಅಡಿ ದುಂಡಗೆ ಕೂತ ಹನ್ನೊಂದು ಹೆಂಗಸರು. ಹನ್ನೆರಡನೆಯವಳು ನಲವತ್ತು ಹೆಜ್ಜೆ ಆಚೆ, ಬದುವಿನ ಮೇಲೆ, ಎಲ್ಲರಿಗೂ ಬೆನ್ನು ಮಾಡಿ ಕೂತಿದ್ದಳು. ಮಡಿಲಲ್ಲಿ ಬುತ್ತಿಯ ಬಟ್ಟೆ ಬಿಚ್ಚಿದೆ. ಕೈ ಬಟ್ಟೆಗೆ ಹೋಗುತ್ತದೆ, ಬಾಯಿಗೆ ಬರುತ್ತದೆ. ಸಾವಕಾಶವಾಗಿ ಅಗಿಯುತ್ತಿದ್ದಾಳೆ. ನನಗೆ ಪಿತ್ತ ನೆತ್ತಿಗೇರಿತು.

"ಉಣ್ಣಾಕ ಪುರ್ಸೊತ್ತೈತಿ, ಗುಳಿಗಿ ನುಂಗಾಕ ಪುರ್ಸೊತ್ತಿಲ್ಲೇನು?" ಎಂದು ಅಲ್ಲಿಂದಲೇ ಕೂಗಿದೆ. "ಒಂಬತ್ತು ದಿನ ಬಿಟ್ಟೀಯಲ್ಲ! ಗಂಡನ್ನ ನೋಡಿದೀಯಲ್ಲ, ಅವನಂಗ ಆಗ್ಬೇಕಂತ ಮಾಡೀಯೇನು?"

ಜಾಲಿಮರದ ಅಡಿ ಹನ್ನೊಂದು ಕೈಗಳು ನಿಂತವು. ನಾನು ಅತ್ತ ನೋಡದೆ ದಾಪುಗಾಲು ಹಾಕಿ ಆಕೆಯ ಹತ್ತಿರ ಹೋದೆ. ಆಕೆ ಬಟ್ಟೆಯನ್ನು ಮುದುರಿಕೊಳ್ಳುವುದರೊಳಗೆ ನನ್ನ ಕಣ್ಣಿಗೆ ಬಿತ್ತು. ಅದರಲ್ಲಿ ಏನೂ ಇರಲಿಲ್ಲ. ರೊಟ್ಟಿಯ ಚೂರಿಲ್ಲ, ಅನ್ನದ ಅಗುಳಿಲ್ಲ. ಒಗೆದು ಮಡಿಸಿದ ಬರಿ ಬಟ್ಟೆ. ಆಕೆ ಇಷ್ಟು ಹೊತ್ತು ಉಣ್ಣುವ ಹಾಗೆ ಕೈ ಆಡಿಸುತ್ತಿದ್ದಳು.

"ಮೆಲ್ಲಕ ಮಾತಾಡ್ರಿ ಸ್ವಾಮೇರ" ಎಂದಳು. "ಬುತ್ತಿ ಇಲ್ಲಂತ ಗೊತ್ತಾದ್ರ ಅವ್ರು ಕೊಡಾಕ ಬರ್ತಾರ. ತಿರಗ ನಾ ಏನ್ ಕೊಡ್ಲಿ?"

"ಗುಳಿಗಿ?" ಎಂದೆ.

ಸೊಂಟದ ಸಂಚಿ ಬಿಚ್ಚಿದಳು. ಎಲೆ ಅಡಿಕೆ ಇಡುವ ಸಂಚಿ. ಅದರೊಳಗೆ ನನ್ನ ಕಾಗದದ ಪೊಟ್ಟಣ, ಒಂದು ಗುಳಿಗೆಯೂ ನೆನೆಯದಂತೆ, ಒಡೆಯದಂತೆ. "ನೀವಾ ಹೇಳಿದ್ರೆಲ್ರಿ, ಉಂಡ ಮ್ಯಾಲೆ ನುಂಗಬೇಕಂತ. ಉಂಡ ದಿನ ಒಂದೂ ಬಿಟ್ಟಿಲ್ರಿ. ಉಣ್ಣದ ದಿನ ಹೆಂಗ ನುಂಗ್ಲಿ?"

ಅಲ್ಲಿ ಬದುವಿನ ಮೇಲೆ ಕೂತುಬಿಟ್ಟೆ. ಕೂತಾಗ ಗೊತ್ತಾದದ್ದು ಇಷ್ಟು. ಹಚ್ಚುವ ಕೂಲಿ ಗದ್ದೆ ಮುಗಿದ ಮೇಲೆಯೇ ಬರುತ್ತದೆ. ಬೇಸಿಗೆಯಲ್ಲಿ ಕಾಲುವೆ ನಿಂತಾಗ ಮನೆಯಲ್ಲಿದ್ದದ್ದೆಲ್ಲ ತೀರಿರುತ್ತದೆ. ಎರಡು ದಿನಕ್ಕೊಮ್ಮೆ ಒಲೆ ಹಚ್ಚುತ್ತಾಳೆ. ಸಾಲದ್ದಕ್ಕೆ ನನ್ನ ಗುಳಿಗೆ ನುಂಗಿದ ದಿನ ಹಸಿವು ಇನ್ನೂ ಕೆರಳುತ್ತದೆ. ಆಕೆ ನನ್ನ ಮಾತನ್ನು ಮೀರಿದವಳಲ್ಲ, ನಾನು ಕಂಡ ರೋಗಿಗಳಲ್ಲೇ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವಳು. ಆ ಮಾತು ಆಕೆಯನ್ನು ಕೊಲ್ಲುತ್ತಿತ್ತು, ನಾನು ಆಕೆಯನ್ನು ಬೈಯುತ್ತಿದ್ದೆ. ನಾಚಿಕೆಯಾಯಿತು, ಆ ಹಸಿರು ಗದ್ದೆಯನ್ನು ನೋಡಿ ಸಿಟ್ಟೂ ಬಂತು.

"ಇನ್ನ ಮ್ಯಾಲೆ ಉಂಡ್ರೂ ನುಂಗು, ಉಣ್ಣದಿದ್ರೂ ನುಂಗು" ಎಂದೆ. ಹೇಳುವಾಗಲೇ ಗೊತ್ತಿತ್ತು, ಖಾಲಿ ಹೊಟ್ಟೆಗೆ ಅದು ನಿಲ್ಲುವುದಿಲ್ಲ.

ನನ್ನ ಎರಡನೆಯ ತಪ್ಪು ಮುಂದಿನ ಸೋಮವಾರ ತಿಳಿಯಿತು. ಗುಂಪಿನಲ್ಲಿ ಈಗ ತಾನಿಲ್ಲ ಎಂದಳು. ನಾನು ಕೂಗಿದ್ದನ್ನು ಹನ್ನೊಂದು ಮಂದಿ ಕೇಳಿದ್ದರು. ಗಂಡನಂತೆ ಆಗುತ್ತೀಯಾ ಎಂದೆನಲ್ಲ, ಗಂಡ ಹೇಗೆ ಹೋದನೆಂದು ಊರಿಗೆಲ್ಲ ಗೊತ್ತಿತ್ತು. ಅಲ್ಲಿಯವರೆಗೆ ಆಕೆಯ ಮೇಲೆ ಬರಿ ಅನುಮಾನ, ಅದಕ್ಕೆ ಮೊಹರು ಒತ್ತಿ ಬಂದವನು ನಾನು.

"ದುರ್ಗಕ್ಕ ಬೈದ್ಲೇನು?"

"ಇಲ್ರಿ. ಬೈಲಿಲ್ಲ. 'ನೀರಾಗ ನಿಂದ್ರಾದು ನಿನಗ ಆಗಂಗಿಲ್ಲವ್ವಾ, ಮನ್ಯಾಗಿರು' ಅಂದ್ಲು. ಹೋಗಾಗ ಸೆರಗಿನ ತುಂಬ ಶೇಂಗಾ ಹಾಕಿದ್ಲು. ಕೈಗೆ ಕೈ ಹತ್ತದಂಗ ಹಾಕಿದ್ಲು."

ಬೈದಿದ್ದರೆ ವಾಸಿಯಿತ್ತು ಅನ್ನಿಸಿತು. ಆ ವಾರವೆಲ್ಲ ನಾನು ಕಿಟಕಿಯಲ್ಲಿ ಯಾರನ್ನೂ ಬೈಯಲಿಲ್ಲ. ಮೈಯಲ್ಲಿ ಹುಷಾರಿಲ್ಲವೇನಯ್ಯಾ ಎಂದು ಡಾಕ್ಟರೇ ಕೇಳಿದರು.

ಮಾಡಿದ ತಪ್ಪಿಗೆ ಮಾತಿನಲ್ಲಿ ಪರಿಹಾರವಿಲ್ಲ, ಅಕ್ಕಿಯಲ್ಲೇ ಆಗಬೇಕು. ಕಂಪ್ಲಿಯಲ್ಲಿ ರೈಸ್‌ಮಿಲ್ ಇಟ್ಟಿದ್ದ ವಿರುಪಾಕ್ಷಪ್ಪ ನನಗೆ ಪರಿಚಯ. ಹಣೆತುಂಬ ವಿಭೂತಿ ಹಚ್ಚುವ, ಲೆಕ್ಕದ, ಕೆಟ್ಟವನಲ್ಲದ ಮನುಷ್ಯ. ಅವನ ಮಿಲ್ಲಿನಲ್ಲಿ ಅಕ್ಕಿ ಜರಡಿಯಾದ ಮೇಲೆ ಉಳಿಯುವ ನುಚ್ಚು ಗುಡ್ಡೆಗುಡ್ಡೆ ಬಿದ್ದಿರುತ್ತಿತ್ತು. ಹೋಗಿ ಕೇಳಿದೆ. ತಿಂಗಳಿಗೊಂದು ಚೀಲ ನುಚ್ಚು ದವಾಖಾನೆಗೆ ಕೊಡಲು ಒಪ್ಪಿದ. ಒಂದು ಷರತ್ತು ಹಾಕಿದ.

"ಗುಳಿಗಿ ನುಂಗೋರಿಗೆ ಮಾತ್ರ ಕೊಡ್ರಿ ಸ್ವಾಮಿ. ಗುಳಿಗಿ ಮುಗೀತು, ನುಚ್ಚು ಮುಗೀತು. ಇಲ್ಲಾಂದ್ರ ಊರಾಗಿನ ಸೋಮಾರಿಗಳೆಲ್ಲ ನಿಮ್ಮ ಬಾಗಲದಾಗ ನಿಂದ್ರತಾರ."

ನನಗೆ ಆ ಷರತ್ತು ಬಹಳ ಇಷ್ಟವಾಯಿತು. ನುಚ್ಚಿನ ಆಸೆಗಾದರೂ ಗುಳಿಗೆ ನುಂಗಲಿ ಎಂದು ಲೆಕ್ಕ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡು ಕಂಪ್ಲಿಯಿಂದ ವಾಪಸ್ ಬಂದೆ.

ಕೆಲಸವೇನೋ ಆಯಿತು. ಏಳೆಂಟು ಮಂದಿ ರೋಗಿಗಳಿಗೆ ಹಂಚುತ್ತಿದ್ದೆವು. ಹುಸೇನಮ್ಮ ಒಂದು ಬಟ್ಟೆಚೀಲ ತಂದು ನುಚ್ಚು ತುಂಬಿಸಿಕೊಂಡು ಹೋಗುತ್ತಿದ್ದಳು. ಕಾಲುವೆ ಬದುವಿನಲ್ಲಿ ತಾನಾಗಿ ಬೆಳೆದ ಸೊಪ್ಪು ಕಿತ್ತು ಬೇಯಿಸಿ, ನುಚ್ಚಿನ ಅನ್ನದ ಜೊತೆ ಉಂಡು, ಗುಳಿಗೆ ನುಂಗುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಕೆಮ್ಮು ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಮುಖ ತುಂಬಿ, ಮೂವತ್ತರ ಹೆಂಗಸು ಹೀಗಿರುತ್ತಾಳೆ ಎಂದು ಗೊತ್ತಾಗುವಂತಾದಳು. ಸೀರೆ ಆಕೆಯ ಮಾತು ಕೇಳತೊಡಗಿತು.

ಒಂದು ವಿಚಿತ್ರ ಗಮನಿಸಿದೆ. ಬೆಳಗಿನ ಮೊದಲ ಬಸ್ಸಿಗೆ ಬರುವವಳು, ಗುಳಿಗೆ, ನುಚ್ಚು ಎಲ್ಲ ಹತ್ತು ಗಂಟೆಗೇ ಸಿಕ್ಕಿದರೂ ಸಂಜೆಯವರೆಗೆ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಬಂದವರಿಗೆ ಜಾಗ ಬಿಟ್ಟುಕೊಡುತ್ತ ತುದಿಗೆ ಸರಿಯುತ್ತ ಕೂತಿರುತ್ತಿದ್ದಳು. ಒಂದು ದಿನ ಕೇಳಿದೆ.

"ಮನಿಗೆ ಹೋಗಬಾರದೇನವಾ? ಇಲ್ಲೇನ್ ನಾಟಕ ನಡದೈತಾ?"

"ಊರಾಗ ಯಾರೂ ಮಾತಾಡ್ಸಂಗಿಲ್ರಿ" ಎಂದಳು. "ನೀರಿಗೆ ಹೋದ್ರ ಎಲ್ರೂ ತುಂಬೋ ತನ ದೂರ ನಿಂದ್ರತೀನಿ. ಜಡೆಪ್ಪನ ಹುಡ್ರನ್ನ ನನ್ನ ಕಡಿ ಬಿಡಂಗಿಲ್ಲ. ಇಲ್ಲಿಯಾದ್ರ ನೀವು ಬೈತೀರಿ."

ನಗುತ್ತ ಹೇಳಿದಳು. ನಾನು ಔಷಧಿಯ ಕಪಾಟಿನ ಕಡೆ ತಿರುಗಿ ನಿಂತು ಏನನ್ನೋ ಹುಡುಕಿದೆ. ನನ್ನ ಬೈಗಳನ್ನು ಕೇಳಲು ಹದಿನಾಲ್ಕು ದಿನ ಕಾಯುವ ಜೀವವೊಂದು ಇದೆ ಎಂದರೆ ಆ ಹದಿನಾಲ್ಕು ದಿನ ಹೇಗಿರಬೇಕು! ಆಮೇಲೆ ಆಕೆ ಬಂದ ಪ್ರತಿ ಸೋಮವಾರ ಯಾವುದಾದರೂ ನೆಪ ತೆಗೆದು ಆಕೆಯನ್ನು ಒಂದಿಷ್ಟು ಬೈಯುತ್ತಿದ್ದೆ. ಚೀಲ ಹರಿದಿದೆ ಎಂದು, ತಲೆಗೆ ಎಣ್ಣೆ ಹಚ್ಚಿಲ್ಲ ಎಂದು, ಬಸ್ಸು ತಡವಾಯಿತು ಎಂದು. ಆಕೆ ತಪ್ಪಾತ್ರಿ ಎಂದು ಸಮಾಧಾನದಿಂದ ಕೂರುತ್ತಿದ್ದಳು.

ಶಿವರಾತ್ರಿಯಾದ ಮೇಲೆ ಮತ್ತೆ ಗುಳಿಗೆ ಉಳಿಯತೊಡಗಿದವು.

ಮೊದಲು ಎರಡು ದಿನದವು. ಏನೋ ಹೆಚ್ಚುಕಮ್ಮಿ ಎಂದು ಬಿಟ್ಟೆ. ಮುಂದಿನ ಸಲ ಐದು ದಿನದವು. ಮೊದಲು ತಪ್ಪಿದ ದಿನಗಳನ್ನೂ ಸೇರಿಸಿ ಕೋರ್ಸು ಮುಗಿಯಲು ಆರು ವಾರ ಉಳಿದಿತ್ತು. ಈಗ ಬಿಟ್ಟರೆ ಬೆಳೆದ ಬೆಳೆಯನ್ನು ರಾಶಿಯ ಹೊತ್ತಿಗೆ ನೀರುಪಾಲು ಮಾಡಿದಂತೆ. ಈ ಸಲ ನಾನು ಜಾಣನಾಗಿದ್ದೆ, ಮೊದಲು ಕೇಳಿದೆ.

"ಹುಸೇನಮ್ಮ, ನುಚ್ಚು ಸಾಲವಲ್ವೇನು?"

"ಸಾಲ್ತಾವ್ರಿ."

"ಮನ್ಯಾಗ ಒಲಿ ಹಚ್ತೀಯೇನು ದಿನಾ?"

"ದಿನಾ ಹಚ್ತೀನ್ರಿ. ಎರಡು ಹೊತ್ತು."

"ವಾಂತಿ ಆಕ್ಕೈತೇನು?"

"ಇಲ್ರಿ."

ಮೈಯುರಿಯಿತು. ಹಸಿದವಳ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ಕಂಪ್ಲಿಗೆ ಅಲೆದವನು ನಾನು, ಉಂಡವಳಿಗೆ ಏನು ಧಾಡಿ? "ಹಂಗಾರ ಸೊಕ್ಕು ನಿನಗ!" ಎಂದೆ. "ಹೊಟ್ಟಿ ತುಂಬಿದ್ದಕ್ಕ ಬಂದ ಸೊಕ್ಕು! ಉಣ್ಣಾಕ ಸಿಕ್ತು, ಮೈ ಬಂತು, ಗುಳಿಗಿ ಯಾಕ ಬೇಕು ಅಲ್ಲೇನು? ಯಾಕ ನುಂಗಲಿಲ್ಲ ಹೇಳು!"

ಆಕೆ ಬೆಂಚಿನ ಕಡೆ ನೋಡಿದಳು. ಯಾರೂ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಿಟಕಿಗೆ ಮುಖ ತಂದಳು.

"ನುಂಗಿದ್ರ ಮುಗೀತಾವಲ್ರಿ" ಎಂದಳು. "ನೀವಾ ಹೇಳಿದ್ರಿ, ಬಿಟ್ಟಷ್ಟು ದಿನ ಕೊನೀಗೆ ಸೇರ್ಕಂತಾವಂತ. ಗುಳಿಗಿ ಇದ್ರ ಮಾತ್ರ ನುಚ್ಚು ಕೊಡ್ತೀರಿ. ಬ್ಯಾಸಿಗಿ ಬಂತು, ಕಾಲುವಿ ನಿಂದ್ರಸ್ತಾರ. ನನ್ನ ಯಾರು ಕೂಲಿಗೆ ಕರೀತಾರ್ರಿ? ಇನ್ನೊಂದೀಟು ರೋಗ ಇರ್ಲಿ ಬಿಡ್ರಿ ಸ್ವಾಮೇರ."

ಮೊದಲ ಸಲ ಊಟವಿಲ್ಲದ್ದಕ್ಕೆ ಗುಳಿಗೆ ಬಿಟ್ಟಿದ್ದಳು, ಈ ಸಲ ಊಟ ತಪ್ಪದಿರಲಿ ಎಂದು ಬಿಟ್ಟಿದ್ದಳು. ಎರಡು ಸಲವೂ ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟಳು. ಆ ನುಚ್ಚಿನ ಷರತ್ತನ್ನು ಮೆಚ್ಚಿಕೊಂಡ ನನ್ನ ಜಾಣತನಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು.

ಕಂಪ್ಲಿಗೆ ಮತ್ತೆ ಹೋದೆ. ವಿರುಪಾಕ್ಷಪ್ಪ ಚಹಾ ತರಿಸಿದ, ಎಲ್ಲ ಕೇಳಿದ.

"ಆರಾಮಾದ್ಳಂತೀರಿ. ಆರಾಮಾದವ್ರು ದುಡಕೊಂಡು ತಿನ್ಲಿ ಬಿಡ್ರಿ" ಎಂದ.

"ಕೆಲಸ ಯಾರು ಕೊಡ್ತಾರ? ನಿಮ್ಮ ಮಿಲ್ಲಿನಾಗ ಕಸ ಹೊಡಿಯಾಕ ಇಟ್ಕಂತೀರೇನು?"

ಅವನು ಚಹಾದ ಕಪ್ಪನ್ನು ಕೆಳಗಿಟ್ಟ. "ಬಾಕಿ ಹೆಣ್ಣಾಳು ಬಿಟ್ಟು ಹೋಗ್ತಾರ ಸ್ವಾಮಿ" ಎಂದ. ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳವಾಡಿ ಬರಬಹುದಿತ್ತು. ಮಿಲ್ಲಿನ ಅಂಗಳದ ತುಂಬ ಭತ್ತ ಒಣಗಿತ್ತು, ಕಾಲಿಡಲು ಜಾಗವಿರಲಿಲ್ಲ. ಅಂಚಿನಲ್ಲಿ ನಡೆದು ಬಸ್ಸಿಗೆ ಬಂದೆ.

ಆ ವಾರ ಸೋಮವಾರಕ್ಕೆ ಕಾಯದೆ ನಾನೇ ಬುಕ್ಕಸಾಗರಕ್ಕೆ ಹೋದೆ. ಈ ಸಲ ಹೆಗಲಿಗೆ ಚೀಲವಿಲ್ಲ, ಬಾಯಿಗೆ ಬೀಗ. ಹಿತ್ತಲ ದಾರಿಯಿಂದ ತಗಡಿನ ಕೋಣೆಗೆ ಹೋಗಿ ಹೊಸ್ತಿಲಲ್ಲಿ ಕೂತು ಹೇಳಿದೆ. "ಗುಳಿಗಿ ಮುಗದ ಮ್ಯಾಲೂ ನುಚ್ಚು ಬರ್ತಾವ. ನಾ ಹೇಳ್ತೀನಿ. ಒಂದು ದಿನಾನೂ ಬಿಡಬ್ಯಾಡ."

"ಮಿಲ್ಲಿನವ್ರು ಒಪ್ಪಿದ್ರೇನ್ರಿ?"

"ಒಪ್ಪಿದ್ರು" ಎಂದೆ. ನನ್ನಂಥ ಜಂಗಮನ ಬಾಯಲ್ಲಿ ಸುಳ್ಳು ಬರಬಾರದು ಅಂತಾರೆ. ಬಂತು, ಸಲೀಸಾಗಿ ಬಂತು. ಆಕೆ ನನ್ನ ಮುಖವನ್ನೇ ನೋಡಿದಳು. ಮೈದುನ, ತವರು, ಗುಂಪು, ಎಲ್ಲರೂ ಏನೋ ಒಂದು ಮಾತು ಕೊಟ್ಟವರೇ. ನಂಬಿದಳೆಂದು ನನಗೆ ಅನ್ನಿಸಲಿಲ್ಲ. ಆದರೂ ಹೂಂ ಅಂದಳು.

ಆ ಮಾತನ್ನು ಉಳಿಸಿಕೊಂಡೆನೇ ಎಂದು ಕೇಳಿದರೆ, ಹದಿನಾಲ್ಕು ತಿಂಗಳು ಉಳಿಸಿಕೊಂಡೆ. ನಮ್ಮ ಮನೆಯ ಅಕ್ಕಿಯನ್ನು ಮಿಲ್ಲಿನ ನುಚ್ಚೆಂದು ಕೊಟ್ಟೆ. ಇಡಿ ಅಕ್ಕಿ ನೋಡಿ ಆಕೆ ಏನೂ ಕೇಳಲಿಲ್ಲ. ಅಷ್ಟು ಹೊತ್ತಿಗೆ 1999ರ ಮುಂಗಾರು ಬಂದಿತ್ತು. ಕ್ಷಯ ತಿರುಗಿ ಬರಲಿಲ್ಲ, ಅದರ ಜೊತೆಗಿದ್ದ ಇನ್ನೊಂದು ಬಂತು. ಆಮೇಲೆ ಮಾತು ಉಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಆದರೆ ನನಗೆ ನೆನಪಾಗುವುದು ಆಕೆ ಸತ್ತ ದಿನವಲ್ಲ. 1998ರ ಏಪ್ರಿಲ್ ಕೊನೆಯ ಸೋಮವಾರ. ಕಫದ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿತ್ತು. ಕೊನೆಯ ಗುಳಿಗೆಗಳನ್ನು ನನ್ನ ಎದುರಿಗೇ ನುಂಗಲೆಂದು ತಂದಿದ್ದಳು, ಮನೆಯಲ್ಲಿ ಉಂಡೇ ಬಂದಿದ್ದಳು. ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟೆ. ಒಂದೊಂದಾಗಿ ನುಂಗಿದಳು. ಡಾಕ್ಟರು ಒಳಗಿಂದ ಎದ್ದು ಬಂದು, "ಗೆದ್ದೆಯಲ್ಲಮ್ಮ" ಎಂದರು.

"ಮುಗದ್ವೇನ್ರಿ?" ಎಂದು ನನ್ನನ್ನು ಕೇಳಿದಳು.

"ಮುಗದ್ವವಾ. ಒಂದೂ ಉಳದಿಲ್ಲ."

ಕೋರ್ಸು ಮುಗಿದ ದಿನ ಜನ ಏನೇನು ಮಾಡುತ್ತಾರೆಂದು ಇಪ್ಪತ್ತಾರು ವರ್ಷ ನೋಡಿದ್ದೇನೆ. ತೆಂಗಿನಕಾಯಿ ಒಡೆದವರಿದ್ದಾರೆ, ಫೇಡೆ ಹಂಚಿದವರಿದ್ದಾರೆ, ಬೇಡವೆಂದರೂ ಕಾಲಿಗೆ ಬಿದ್ದವರಿದ್ದಾರೆ. ಹುಸೇನಮ್ಮ ಬೆಂಚಿನ ತುದಿಗೆ ಹೋಗಿ ಕೂತಳು. ಖಾಲಿ ಪೊಟ್ಟಣವನ್ನು ತೊಡೆಯ ಮೇಲಿಟ್ಟು ಕೈಯಿಂದ ಸವರಿ ಸವರಿ ನೆಟ್ಟಗೆ ಮಾಡಿದಳು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಪಕ್ಕದವರಿಗೆ ಕೇಳದ ಹಾಗೆ, ಬಹಳ ಹೊತ್ತು ಅತ್ತಳು. ವಾಸಿಯಾದೆನಲ್ಲ ಎಂದು ಹೆದರಿ ಅತ್ತವರನ್ನು ನಾನು ಕಂಡದ್ದು ಆಕೆಯೊಬ್ಬಳನ್ನೇ.